‘ಕಾಲಕ್ರಮೇಣ’ ಅಂದರೆ ಎಷ್ಟು ತಿಂಗಳು, ಮೇಷ್ಟ್ರೇ?

ನಮಸ್ಕಾರ ಮೇಷ್ಟ್ರೇ,

ನಿಮ್ಮ ಲೇಖನ ತಲುಪಿತು. ಕ್ಯಾನ್ಸರಿಗೆ ಕೊಡುವ ವಿಕಿರಣ ಪಕ್ಕದ ಆರೋಗ್ಯವಂತ ಅಂಗಗಳಿಗೆ ಏನು ಮಾಡುತ್ತದೆ ಅಂತ ಇಲಿ, ಕೋತಿಗಳ ಮೇಲೆ ನಡೆದ ಪ್ರಯೋಗಗಳ ವಿಚಾರ. ವಿಷಯ ಒಳ್ಳೆಯದು. ಚೆನ್ನಾಗಿ ಓದಿಕೊಂಡಿದ್ದೀರಿ. ಕಾಗುಣಿತದ ತಪ್ಪೂ ಇಲ್ಲ. ಆದರೆ ಈಗಿರುವ ಹಾಗೆ ಇದನ್ನು ಹಾಕಲಾರೆ.

ನನಗೆ ಕಿರಿಕಿರಿಯಾದದ್ದು ಎರಡೇ ವಿಷಯಕ್ಕೆ. ಮೊದಲನೆಯದು ಈ ಸಾಲು: ‘ಇಲಿಗಳ ಎದೆಗೆ ವಿಕಿರಣ ನೀಡಲಾಯಿತು. ಕಾಲಕ್ರಮೇಣ ಶ್ವಾಸಕೋಶಗಳಲ್ಲಿ ದೀರ್ಘಕಾಲಿಕ ಬದಲಾವಣೆಗಳು ಕಂಡುಬಂದವು.’

ಕಾಲಕ್ರಮೇಣ ಅಂದರೆ ಯಾವಾಗ? ನಾಳೆಯೋ, ಮುಂದಿನ ಯುಗಾದಿಗೋ? ‘ದೀರ್ಘಕಾಲಿಕ’ ಅನ್ನುವ ಪದ ನಿಮ್ಮಲ್ಲಿ ಹನ್ನೊಂದು ಸಲ ಬಂದಿದೆ, ಕೂತು ಎಣಿಸಿದೆ. ಒಂದು ಕಡೆಯೂ ತಿಂಗಳ ಲೆಕ್ಕ ಇಲ್ಲ. ಲ್ಯಾಬಿನ ಸಣ್ಣ ಇಲಿ ಬದುಕುವುದೇ ಎರಡು ವರ್ಷ, ಹೆಚ್ಚೆಂದರೆ ಮೂರು. ಎದೆಗೆ ಜೋರು ಡೋಸು ಬಿದ್ದ ಮೇಲೂ ಅದು ವಾರಗಟ್ಟಲೆ ಏನೂ ಆಗದಂತೆ ಓಡಾಡಿಕೊಂಡಿರುತ್ತದೆ. ಮೂರನೇ ತಿಂಗಳ ಹೊತ್ತಿಗೆ ಶ್ವಾಸಕೋಶ ಊದಿಕೊಂಡು ಏದುಸಿರು ಶುರು. ಅದನ್ನು ದಾಟಿದರೆ, ಆರು ತಿಂಗಳ ಆಚೆ ಶ್ವಾಸಕೋಶ ನಾರುಗಟ್ಟಿ ಬಿರುಸಾಗುತ್ತದೆ. ಅದೂ ಎಲ್ಲ ಇಲಿಗೂ ಒಂದೇ ಥರ ಅಲ್ಲ. ಸಿ3ಎಚ್ ತಳಿಯದಕ್ಕೆ ಊತದ ಕಾಟ ಜಾಸ್ತಿ, ಸಿ57 ತಳಿಯದಕ್ಕೆ ನಾರಿನ ಕಾಟ.

ಇಷ್ಟು ತಡ ಯಾಕೆ ಅನ್ನುವುದನ್ನೂ ನೀವು ಬರೆದಿಲ್ಲ. ಕ್ಲಾಸಿನಲ್ಲಿ ನೀವೇ ಪಾಠ ಮಾಡುವ ವಿಷಯ ಅಲ್ವಾ? ಇಲಿಯ ಕರುಳಿನ ಒಳಪದರ ನಾಲ್ಕೈದು ದಿನಕ್ಕೆ ಹೊಸದಾಗುತ್ತದೆ. ಅಲ್ಲಿ ಬಿದ್ದ ಪೆಟ್ಟು ಒಂದೆರಡು ವಾರದಲ್ಲೇ ಹೊರಬೀಳುತ್ತದೆ. ಶ್ವಾಸಕೋಶ, ಮೂತ್ರಪಿಂಡ, ಸಣ್ಣ ರಕ್ತನಾಳಗಳ ಒಳಪದರದ ಜೀವಕೋಶಗಳು ಹಾಗಲ್ಲ, ಅವು ಒಡೆದು ಎರಡಾಗುವುದೇ ಅಪರೂಪ. ಪೆಟ್ಟು ತಿಂದ ಜೀವಕೋಶ ಎಷ್ಟೋ ಸಲ ಒಡೆಯಲು ಹೋದಾಗಲೇ ಸಾಯುತ್ತದೆ. ಅಲ್ಲಿಯವರೆಗೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ.

ನಾಲ್ಕನೇ ಪುಟಕ್ಕೆ ಬನ್ನಿ. ‘ಕೆಲವು ಕಾಲದ ನಂತರ ಕೋತಿಗಳ ಬೆನ್ನುಹುರಿ ಚೇತರಿಸಿಕೊಂಡಿರುವುದು ತಿಳಿದುಬಂದಿದೆ.’ ಎಂಥ ಕತೆಯನ್ನು ಒಂದು ಸಾಲಿನಲ್ಲಿ ಮುಗಿಸಿಬಿಟ್ಟಿರಿ! ಇದು ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಕಿಯಾನ್ ಆಂಗ್ ಮತ್ತು ಜೊತೆಯವರು 2001ರಲ್ಲಿ ಪ್ರಕಟಿಸಿದ ಕೆಲಸ. 56 ರೀಸಸ್ ಕೋತಿಗಳು. ಬೆನ್ನುಹುರಿಗೆ 20 ಕಂತಿನಲ್ಲಿ 44 ಗ್ರೇ (ಗ್ರೇ ಅಂದರೆ ವಿಕಿರಣದ ಅಳತೆ) ಕೊಟ್ಟರು. ಆಮೇಲೆ ಕಾದರು. ಕೆಲವಕ್ಕೆ ಒಂದು ವರ್ಷ, ಕೆಲವಕ್ಕೆ ಎರಡು, ಕೆಲವಕ್ಕೆ ಮೂರು. ಆಮೇಲೆ ಅದೇ ಜಾಗಕ್ಕೆ ಮತ್ತೆ 57 ಗ್ರೇ, ಕೆಲವಕ್ಕೆ 66. ಮತ್ತೆ ಎರಡು, ಎರಡೂವರೆ ವರ್ಷ ಕಾದರು. ಕೊನೆವರೆಗೂ ನೋಡಲು ಸಿಕ್ಕ 45ರಲ್ಲಿ ಬೆನ್ನುಹುರಿ ಕೆಟ್ಟದ್ದು ನಾಲ್ಕಕ್ಕೆ ಮಾತ್ರ. ಅಂದರೆ ಬೆನ್ನುಹುರಿ ಹಳೇ ಪೆಟ್ಟನ್ನು ಬಹುಪಾಲು ಮರೆತಿತ್ತು. ಇಲಿಯ ಮೂತ್ರಪಿಂಡ ಮರೆಯುವುದಿಲ್ಲ. ದಿನ ಹೋದಂತೆ ಅದರ ತಾಳಿಕೆ ಇನ್ನೂ ಕಡಿಮೆಯಾಗುತ್ತದೆ. ಈ ಎರಡನ್ನೂ ಅಕ್ಕಪಕ್ಕ ಇಟ್ಟಿದ್ದರೆ ನಾನು ಕಾಫಿ ಆರುವುದನ್ನೂ ಮರೆತು ಓದುತ್ತಿದ್ದೆ.

ಇದು ನನ್ನದೇ ಹಳೇ ರೋಗ, ಅದಕ್ಕೇ ಇಷ್ಟು ಸಿಟ್ಟು. ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಹುಡುಗನಾಗಿದ್ದಾಗ ರೇಷ್ಮೆ ಬಗ್ಗೆ ಬರೆದಿದ್ದೆ. ‘ಹುಳುಗಳು ಕಾಲಕ್ರಮೇಣ ಗೂಡು ಕಟ್ಟುತ್ತವೆ.’ ನಮ್ಮ ಹಿರಿಯರು ಆ ಪದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಬಸ್ ಚಾರ್ಜ್ ಕೈಗಿಟ್ಟು ರಾಮನಗರದ ಕಡೆ ಓಡಿಸಿದರು. ಅಲ್ಲೊಬ್ಬ ಅಜ್ಜಿ ತಟ್ಟೆಗೆ ಸೊಪ್ಪು ಹಾಕುತ್ತಾ ಅಂದಳು: ‘ನಾಕನೇ ಜ್ವರ ಎದ್ದು ಏಳು ದಿನ ಆಯ್ತು ಕಣಪ್ಪ. ನಾಳೆ ಹಣ್ಣಾಗ್ತವೆ, ಚಂದ್ರಿಕೆಗೆ ಬಿಡ್ಬೇಕು.’ ಜ್ವರ ಅಂದರೆ ಹುಳು ಪೊರೆ ಬಿಡುವ ಹೊತ್ತು, ಚಂದ್ರಿಕೆ ಅಂದರೆ ಗೂಡು ಕಟ್ಟಲು ಹುಳು ಬಿಡುವ ತಟ್ಟಿ. ಪೆನ್ನು ತೆಗೆಯಲೂ ನಾಚಿಕೆಯಾಯಿತು.

ಎರಡನೆಯದು: ‘ಅಧ್ಯಯನದ ಕೊನೆಯಲ್ಲಿ ಇಲಿಗಳನ್ನು ಬಲಿ ನೀಡಲಾಯಿತು.’ ಯಾವ ಮಾರಮ್ಮನಿಗೆ? ಲ್ಯಾಬಿನ ಇಂಗ್ಲಿಷಿನವರು ‘ಸ್ಯಾಕ್ರಿಫೈಸ್’ ಅನ್ನುತ್ತಾರೆ, ಅವರ ಸಂಕಟ ಅವರಿಗೆ. ಕನ್ನಡದಲ್ಲಿ ‘ಕೊಂದರು’ ಅನ್ನಿ. ‘ನೀಡಲಾಯಿತು’ ಅಂದರೆ ಯಾರೂ ಕೊಂದಿಲ್ಲ, ತಾನಾಗಿ ಆಯಿತು ಅನ್ನುವ ಹಾಗೆ ಕೇಳಿಸುತ್ತದೆ. ‘ಕೊನೆಯಲ್ಲಿ’ ಅನ್ನುವುದನ್ನೂ ಮತ್ತೆ ನೋಡಿ. ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಒಂದು ಗುಂಪನ್ನು ಮೂರನೇ ತಿಂಗಳಿಗೆ, ಇನ್ನೊಂದನ್ನು ಆರನೆಯದಕ್ಕೆ, ಹೀಗೆ ಲೆಕ್ಕ ಹಾಕಿ ಕೊಲ್ಲುತ್ತಾರೆ. ಶ್ವಾಸಕೋಶವನ್ನು ತೆಳ್ಳಗೆ ಸೀಳಿ, ಬಣ್ಣ ಹಾಕಿ, ನಾರು ಎಲ್ಲಿವರೆಗೆ ಬಂತು ಅಂತ ನೋಡುವುದಕ್ಕೆ. ಯಾವ ತಿಂಗಳು ಅನ್ನುವುದೇ ಅಲ್ಲಿ ಪ್ರಶ್ನೆ. ಅದನ್ನೂ ಆ ‘ಬಲಿ’ ನುಂಗಿಹಾಕಿತು.

ಚಿತ್ರ, ಉಪಶೀರ್ಷಿಕೆಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ.

ಆರನೇ ಪುಟದ ಕೊನೆಗೆ, ಯಾರೂ ಓದದ ಜಾಗದಲ್ಲಿ, ಎರಡು ಸಾಲು ಇದೆ: ‘ಅಮ್ಮನಿಗೆ ಎದೆಗೆ ಕರೆಂಟ್ ಇಟ್ಟು ಮುಗಿದ ಮೂರನೇ ತಿಂಗಳು ಒಣಕೆಮ್ಮು ಶುರುವಾಯಿತು. ದಸರಾ ರಜೆ, ನಾನು ಮನೆಯಲ್ಲೇ ಇದ್ದೆ.’ ಇಡೀ ಲೇಖನದಲ್ಲಿ ತಿಂಗಳ ಲೆಕ್ಕ ಇರುವುದು ಅಲ್ಲಿ ಮಾತ್ರ. ಅಲ್ಲಿಂದಲೇ ಶುರು ಮಾಡಿ ಮತ್ತೆ ಬರೆದು ಕಳಿಸಿ. ಹಾಗಂತ ಇಲಿಯ ಮೂರು ತಿಂಗಳೂ ಅಮ್ಮನ ಮೂರು ತಿಂಗಳೂ ಒಂದೇ ಅಂತ ಗಂಟು ಹಾಕಬೇಡಿ. ಇಲಿಗೆ ಒಂದೇ ಏಟಿಗೆ ಕೊಡುವುದೇ ಹೆಚ್ಚು, ಅಮ್ಮನಿಗೆ ಕೊಟ್ಟಿರುವುದು ದಿನಕ್ಕೊಂದು ಕಂತು.

ಕೆಮ್ಮು ಆಮೇಲೆ ಏನಾಯಿತು? ಅದನ್ನು ನೀವು ಬರೆದೇ ಇಲ್ಲ.

ಇಂತಿ,
ಸಂಪಾದಕ