ಹೆರಿಗೆಯ ನಂತರ ಜೋತುಬಿದ್ದ ಹೊಟ್ಟೆ: ಬಟ್ಟೆ ಕಟ್ಟಿದರೆ ಸರಿಯಾಗುತ್ತದಾ?

ಇಲ್ಲ. ಬಟ್ಟೆ ಸೊಂಟಕ್ಕೆ ಆಧಾರ ಕೊಡುತ್ತದೆ, ಚರ್ಮವನ್ನು ಬಿಗಿ ಮಾಡುವುದಿಲ್ಲ. ನಮ್ಮ ಮಂಗಳೂರು ಕಡೆ ಬಾಣಂತಿಗೆ ಎಣ್ಣೆ ಹಚ್ಚಿ, ಬಿಸಿನೀರು ಹೊಯ್ದು, ಹೊಟ್ಟೆ ಕಟ್ಟುತ್ತಾರೆ ಅಲ್ವಾ? ಮೈಗೆ ಹಿತವಾದರೆ ಮಾಡಿಸಿಕೊಳ್ಳಿ. ತುಂಬಾ ಬಿಗಿ ಮಾತ್ರ ಬೇಡ. ಸಿಸೇರಿಯನ್ ಆಗಿದ್ದರೆ ಡಾಕ್ಟರನ್ನು ಕೇಳಿಯೇ ಕಟ್ಟಿಸಿ.

ಗರ್ಭಕೋಶ ಕುಗ್ಗಲಿಕ್ಕೇ ಸುಮಾರು 6 ವಾರ ಬೇಕು. ಹಿಗ್ಗಿದ ಚರ್ಮಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಅದು ಎಷ್ಟು ಬಿಗಿಯಾಗುತ್ತದೆ ಅನ್ನುವುದು ವಯಸ್ಸು, ವಂಶ, ಅವಳಿ ಮಕ್ಕಳು ಇವುಗಳ ಮೇಲೆ ನಿಂತಿದೆ, ಇವು ಯಾವುವೂ ನಮ್ಮ ಕೈಯಲ್ಲಿಲ್ಲ. ಬಸುರಿನಲ್ಲಿ ತೂಕ ಮಿತಿಯಲ್ಲಿದ್ದರೆ ಸ್ವಲ್ಪ ಅನುಕೂಲ: ಮೊದಲು ಸಾಮಾನ್ಯ ತೂಕ ಇದ್ದವರಿಗೆ 11.5ರಿಂದ 16 ಕಿಲೋ ಏರಿಕೆ ಸರಿ.

ಎಷ್ಟೋ ಸಲ ಚರ್ಮ ಅಂದುಕೊಂಡದ್ದು ಸ್ನಾಯುವಿನ ಸಮಸ್ಯೆ. ಅಂಗಾತ ಮಲಗಿ ತಲೆ ಎತ್ತಿ ನೋಡಿ. ಹೊಟ್ಟೆಯ ನಡುವೆ ಉದ್ದಕ್ಕೆ ಉಬ್ಬಿದರೆ ಸ್ನಾಯುಗಳು ದೂರವಾಗಿರಬಹುದು. ಆಗ ಸಿಟ್-ಅಪ್ ಶುರು ಮಾಡಬೇಡಿ, ಮೊದಲು ಫಿಸಿಯೋಥೆರಪಿಸ್ಟಿಗೆ ತೋರಿಸಿ.

ಪಥ್ಯವೆಂದು ಬರೀ ಗಂಜಿ ಉಂಡರೆ ಸಾಲದು. ಹೆಸರುಕಾಳು, ಮೊಟ್ಟೆ, ಬಂಗುಡೆ, ಬೂತಾಯಿ ತಿನ್ನಿ. ಪ್ರೋಟೀನ್ ಬೇಕೇ ಬೇಕು. ದುಬಾರಿ ಕ್ರೀಮಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಜಾಸ್ತಿ ಉಳಿದ ಚರ್ಮ ತೆಗೆಯಲು ಆಪರೇಷನ್ ಇದೆ. ಆದರೆ ಇನ್ನೊಂದು ಮಗು ಬೇಕೆಂದಿದ್ದರೆ ಆಪರೇಷನ್ ಮುಂದೂಡುವುದೇ ಒಳ್ಳೆಯದು.