ಬಫಿಂಗ್‌ಗೆ ಕೊಡುವ ಮುಂಚೆ ಒಂದು ನಿಮಿಷ

ಸರ್, ಊರಲ್ಲಿ ವಾಚ್ ಮ್ಯೂಸಿಯಂ ಮಾಡುವ ಆಸೆಗೆ ಭೇಷ್. ಆದರೆ "ಉದ್ಘಾಟನೆಗೆ ಮುಂಚೆ ಅರವತ್ತು ಎಚ್‌ಎಂಟಿಗೂ ಬಫಿಂಗ್ (ಉಜ್ಜಿ ಹೊಳಪು ಕೊಡುವುದು), ಹೊಸ ಡಯಲ್, ಪ್ಲೈವುಡ್ ಶೋಕೇಸ್" ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಎದೆ ಧಸಕ್ಕಂತು. ನಾನೂ ಇದೇ ಮಾಡಿ ಕೆಟ್ಟವನು.

ನನ್ನ ಸೋದರಮಾವನದೊಂದು ಎಚ್‌ಎಂಟಿ ಜನತಾ ಇತ್ತು. ಕೀ ಕೊಡುವ ವಾಚು, 17 ಜ್ಯುವೆಲ್ (ಒಳಗಿನ ಚಕ್ರಗಳು ಸವೆಯದಂತೆ ಕೂರಿಸುವ ಸಣ್ಣ ಕಲ್ಲುಗಳು). ಡಯಲ್ ಹಳದಿ ತಿರುಗಿತ್ತು ಅಂತ ರಿಪೇರಿಯವರಿಗೆ ಕೊಟ್ಟೆ. ವಾರದಲ್ಲಿ ಫಳಫಳ ಅಂತ ಬಂತು. ಅತ್ತೆಗೆ ತೋರಿಸಿದರೆ ಅವರು ಡಯಲ್ ನೋಡಲೇ ಇಲ್ಲ, ವಾಚು ತಿರುಗಿಸಿ "ನಂಬರ್ ಎಲ್ಲಿ ಹೋಯ್ತೋ?" ಅಂದರು. ಮಾವ ಮಿಲ್ಲಿನ ತಮ್ಮ ಟಿಕೆಟ್ ನಂಬರನ್ನು (ಕೆಲಸಗಾರರ ನಂಬರ್) ಸೂಜಿಯಲ್ಲಿ ಹಿಂದಿನ ಮುಚ್ಚಳದ ಮೇಲೆ ಗೀಚಿಕೊಂಡಿದ್ದರಂತೆ. ಬಫಿಂಗ್‌ನಲ್ಲಿ ಅದು ಸಪಾಟು. ಹೊಸ ಡಯಲ್‌ನಲ್ಲಿ ದೇವನಾಗರಿ 'ಜನತಾ' ದಪ್ಪ ದಪ್ಪ, ನಿಮಿಷದ ಗೆರೆಗಳು ಒಂದು ಕಡೆ ಸರಿದಿದ್ದವು. ಆ ಕೇಸ್ ಹಿತ್ತಾಳೆ, ಮೇಲೆ ತೆಳ್ಳಗೆ ಕ್ರೋಮ್. ಅದನ್ನು ಉಜ್ಜಿದ ಮೇಲೆ ಉಳಿಯುವುದೇನು? ಪಟ್ಟಿ ಸಿಗಿಸುವ ಕಿವಿಗಳಲ್ಲಿ ಹಿತ್ತಾಳೆ ಇಣುಕಿತು.

ಅದಕ್ಕೇ ನಾನೀಗ ವಾಚು ಕೈಗೆ ಬಂದ ಕೂಡಲೇ ಫೋಟೊ ತೆಗೆಯುತ್ತೇನೆ. ಮುಂದೆ, ಹಿಂದೆ, ಮುಚ್ಚಳದ ಒಳಗೆ. ಒಳಗೆ ಹಳೆ ರಿಪೇರಿಯವರು ತಾರೀಖು, ಗುರುತು ಕೊರೆದಿರುತ್ತಾರೆ. ಆಮೇಲೆ ಕೊಟ್ಟವರನ್ನು ಕೂರಿಸಿ ಕೇಳುತ್ತೇನೆ: ಮದುವೆಗೆ ಬಂದದ್ದಾ, ಮೊದಲ ಸಂಬಳದ್ದಾ? ಬಿಲ್ಲು, ವಾರಂಟಿ ಕಾರ್ಡ್, ಡಬ್ಬಿ ಇದ್ದರೆ ಬಿಡಬೇಡಿ. ಚೀಟಿ ಇಲ್ಲದ ಅರವತ್ತು ವಾಚಿಗಿಂತ ಕಥೆ ಗೊತ್ತಿರುವ ಹನ್ನೆರಡು ಸಾಕು. ಆನ್‌ಲೈನ್‌ನಲ್ಲಿ 'ಹಳೇ ಪೈಲಟ್' (ಅದೂ ಎಚ್‌ಎಂಟಿ ಮಾದರಿ) ಅಂತ ಈಗ ಬಣ್ಣ ಬಳಿದ ಕಿತ್ತಳೆ ಡಯಲ್‌ನದ್ದು ಮಾರುತ್ತಾರಲ್ಲ, ಅದನ್ನಂತೂ ನಾನು ಒಳಗೇ ಬಿಡಲ್ಲ.

ಪ್ಲೈವುಡ್ ಬೇಡ ಸರ್. ಹೊಸ ಪ್ಲೈವುಡ್, ಅಂಟು ಹುಳಿ ಆವಿ ಬಿಡುತ್ತವೆ, ಮುಚ್ಚಿದ ಶೋಕೇಸ್‌ನಲ್ಲಿ ಲೋಹಕ್ಕೆ ಅದೇ ವಿಷ. ಗಾಜು, ಪೇಂಟ್ ಮಾಡಿದ ಕಬ್ಬಿಣ ವಾಸಿ. ಒಳಗೆ ಸಿಲಿಕಾ ಜೆಲ್ ಇಡಿ, ತೇವ 50%ರ ಒಳಗಿರಲಿ. ನುಸಿಗುಳಿಗೆ ಹಾಕಬೇಡಿ. ಚರ್ಮದ ಪಟ್ಟಿ ಬಿಚ್ಚಿ ಬೇರೆ ಇಡಿ, ಇಲ್ಲದಿದ್ದರೆ ಕೇಸಿಗೆ ಹಸಿರು ಕಿಲುಬು ಹತ್ತುತ್ತದೆ. ಕ್ವಾರ್ಟ್ಜ್ ಇದ್ದರೆ ಇವತ್ತೇ ಸೆಲ್ ತೆಗೆಯಿರಿ, ಸೋರಿದರೆ ಮಿಷನ್ನೇ ಹೋಯಿತು.

ಎಲ್ಲಕ್ಕೂ ಕೀ ಕೊಟ್ಟು ಓಡಿಸುವುದೂ ಬೇಡ. ಒಣಗಿದ ಎಣ್ಣೆಯಲ್ಲಿ ಓಡಿದರೆ ಒಳಗೆ ಸವೆಯುತ್ತದೆ. ಟಿಕ್ ಟಿಕ್ ಕೇಳಿಸಬೇಕಾ? ಸರ್ವಿಸ್ ಮಾಡಿಸಿದ ಎರಡು ಸಾಕು.

ವೆಸ್ಟ್ ಎಂಡ್‌ನಂಥ ಹಳೇ ಸ್ವಿಸ್ ವಾಚುಗಳ ಮುಳ್ಳಿಗೆ ರೇಡಿಯಂ (ವಿಕಿರಣ ಸೂಸುವ ವಸ್ತು) ಬಳಿದಿರಬಹುದು. ಕತ್ತಲಲ್ಲಿ ಹೊಳೆಯಲ್ಲ ಅಂತ ಕೆರೆಯಬೇಡಿ. ಹೊಳಪು ಹೋದರೂ ರೇಡಿಯಂ ಹೋಗಲ್ಲ, ಅರ್ಧಕ್ಕಿಳಿಯಲು 1600 ವರ್ಷ ಬೇಕು.

ಶೋಕೇಸ್‌ಗೆ ಆರ್ಡರ್ ಕೊಡುವ ಮುಂಚೆ ಬೆಂಗಳೂರಿನ ಜಾಲಹಳ್ಳಿಗೆ ಹೋಗಿ ಬನ್ನಿ. 2019ರಲ್ಲಿ ಎಚ್‌ಎಂಟಿಯವರು ಹಳೇ ಚೇರ್ಮನ್ ಬಂಗಲೆಯನ್ನೇ ಹೆರಿಟೇಜ್ ಸೆಂಟರ್ ಮಾಡಿದ್ದಾರೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಶುರುವಾದ ವಾಚು ಕೆಲಸದ ಯಂತ್ರಗಳನ್ನೂ ಇಟ್ಟಿದ್ದಾರೆ. ನಿಮಗೆ ತುಮಕೂರು ಹತ್ತಿರ ಅಲ್ವಾ? ಅಲ್ಲಿದ್ದ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರನ್ನು ಹುಡುಕಿ, ಮಾತು ರೆಕಾರ್ಡ್ ಮಾಡಿಕೊಳ್ಳಿ. ಅವರ ಹತ್ತಿರ ಹಳೇ ಟ್ವೀಜರ್, ಕಣ್ಣಿಗೆ ಹಾಕುವ ಲೂಪ್ (ಭೂತಗನ್ನಡಿ) ಇದ್ದರೆ ಅದನ್ನೂ ಕೇಳಿ.