ಯುವಿಸಿಇ ಸಿವಿಲ್ಲೋ, ಹಾಸನದ ಕಂಪ್ಯೂಟರ್ ಸೈನ್ಸೋ?

ನಮಸ್ಕಾರ ಮೇಡಂ. ಮಗಳ ಸಿಇಟಿ (ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ) ರ್‍ಯಾಂಕಿಗೆ ಬೆಂಗಳೂರಿನ ಯುವಿಸಿಇ, ಅಂದರೆ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್, ಹಾಸನದ ಸರ್ಕಾರಿ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಗಬಹುದು, ಆಯ್ಕೆ ಪಟ್ಟಿಯಲ್ಲಿ ಯಾವುದನ್ನು ಮೇಲೆ ಹಾಕಲಿ ಅಂತ ಕೇಳಿದ್ದೀರಿ.

ಮೊದಲು ಅವಳನ್ನೇ ಕೇಳಿ. ಸಿವಿಲ್ ಅಂದರೆ ನಾಲ್ಕು ವರ್ಷ ಸರ್ವೇ, ಕಾಂಕ್ರೀಟ್, ಮಣ್ಣಿನ ಪರೀಕ್ಷೆ. ಅದು ಇಷ್ಟವಿದ್ದರೆ ಯುವಿಸಿಇ ಬಿಡಬೇಡಿ. 1917ರಲ್ಲಿ ಶುರುವಾದ ಕಾಲೇಜು, ಹಳೆ ವಿದ್ಯಾರ್ಥಿಗಳ ಬಳಗ ದೊಡ್ಡದು. ಪಿಡಬ್ಲ್ಯೂಡಿ, ನೀರಾವರಿ ಕೆಲಸದ ಆಸೆ ಇದ್ದರಂತೂ ಸಿವಿಲ್ ಬೇಕೇ ಬೇಕು. ಆದರೆ ಅವಳ ಮನಸ್ಸು ಕೋಡಿಂಗ್ ಕಡೆ ಇದ್ದರೆ, ಕಾಲೇಜಿನ ಹೆಸರಿಗಾಗಿ ಸುಮ್ನೆ ಸಿವಿಲ್‌ಗೆ ತಳ್ಳಬೇಡಿ. ಹಾಸನದ ಕಾಲೇಜು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯಲ್ಲೇ ಇದೆ, ಡಿಗ್ರಿಗೆ ಬೆಲೆ ಇದ್ದೇ ಇದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಸೀಟುಗಳನ್ನು ಕ್ರಮವಾಗಿ ತುಂಬುವಾಗ, "ಇದು ಸಿಗಲ್ಲ" ಅಂತ ಇಷ್ಟದ ಸೀಟನ್ನು ಕೆಳಗೆ ಹಾಕಬೇಡಿ. ಪಟ್ಟಿಯನ್ನು ಮೇಲಿನಿಂದಲೇ ನೋಡುತ್ತಾ ಬಂದು, ರ್‍ಯಾಂಕಿಗೆ ಸಿಗುವ ಮೊದಲ ಸೀಟು ಕೊಡುತ್ತಾರೆ. ಸಿಗದ್ದನ್ನು ಮೇಲೆ ಬರೆದರೆ ನಷ್ಟವಿಲ್ಲ. ಇಷ್ಟದ್ದನ್ನು ಕೆಳಗೆ ಬರೆದರೆ, ಅದಕ್ಕಿಂತ ಮೇಲೆ ಬರೆದ ಬೇಡದ ಸೀಟು ಕೊರಳಿಗೆ ಬೀಳಬಹುದು, ಅಲ್ವಾ? ಅಣಕು ಹಂಚಿಕೆ (ಯಾವ ಸೀಟು ಸಿಗಬಹುದು ಅಂತ ಮೊದಲೇ ತೋರಿಸುವ ಪಟ್ಟಿ) ಬಂದ ಮೇಲೆ ಕ್ರಮ ಬದಲಿಸಲು ಅವಕಾಶವಿರುತ್ತದೆ, ಆಗ ಇಬ್ಬರೂ ಕೂತು ಇನ್ನೊಮ್ಮೆ ನೋಡಿ.

ಅವಳು 1ರಿಂದ 10ರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದಾಳಾ? ಹಳ್ಳಿ ಶಾಲೆಯಾ? ಹಾಗಿದ್ದರೆ ಅದಕ್ಕೆ ಬೇರೆ ಮೀಸಲಾತಿ ಇದೆ. ಅರ್ಜಿಯಲ್ಲಿ ಅದು ನಮೂದಾಗಿದೆಯಾ ಅಂತ ಇವತ್ತೇ ನೋಡಿ. ಹಾಸ್ಟೆಲ್ ಬಗ್ಗೆ ಎರಡೂ ಕಾಲೇಜಿಗೆ ಫೋನ್ ಮಾಡಿ ವಿಚಾರಿಸಿ. ಬೆಂಗಳೂರಲ್ಲಿ ಹಾಸ್ಟೆಲ್ ಸಿಗದಿದ್ದರೆ ಪಿಜಿ ಬಾಡಿಗೆಯೇ ಕಾಲೇಜು ಫೀಸಿಗಿಂತ ಜಾಸ್ತಿ ಆಗಬಹುದು.